ನಿಂತಲ್ಲೇ ಕುಡಿಯುವ ಎಂಜಿನ್: ಕ್ರೈಸ್ಲರ್ ಟರ್ಬೈನ್ ಕಾರಿನ ಒಳಹೊರಗು

ಕೀಲಿ ತಿರುಗಿಸಿ ಕಾಲನ್ನು ಸುಮ್ಮನೆ ಇಟ್ಟುಕೊಳ್ಳಬೇಕು. ರೇಸ್ ಕೊಡಬಾರದು. ಸ್ಟಾರ್ಟರ್ ಮೋಟಾರು ಮೊದಲು ಕಂಪ್ರೆಸರ್ ಚಕ್ರವನ್ನು ತಿರುಗಿಸುತ್ತದೆ. ಗಾಳಿ ಸಾಕಷ್ಟು ಹರಿಯತೊಡಗಿದ ಮೇಲೆ ಇಂಧನ ಚಿಮ್ಮುತ್ತದೆ, ಇಡೀ ಎಂಜಿನ್ನಿಗೆ ಇರುವ ಒಂದೇ ಒಂದು ಪ್ಲಗ್ ಕಿಡಿ ಹೊತ್ತಿಸುತ್ತದೆ, ಉಷ್ಣತೆಯ ಮುಳ್ಳು ಒಮ್ಮೆ ಜಿಗಿದು ಕೆಳಗಿಳಿಯುತ್ತದೆ. ವೇಗದ ಮುಳ್ಳು ನಿಮಿಷಕ್ಕೆ 20,000 ಸುತ್ತಿನ ಆಸುಪಾಸಿನಲ್ಲಿ ಬಂದು ನಿಲ್ಲುತ್ತದೆ. ಪಿಸ್ಟನ್ ಎಂಜಿನ್ನಾಗಿದ್ದರೆ ಆ ಹೊತ್ತಿಗೆ ಚೂರುಚೂರಾಗಿರುತ್ತಿತ್ತು. ಇಲ್ಲಿ ಅದು ಬರೀ ಐಡ್ಲಿಂಗ್. ನಡುಕವಿಲ್ಲ, ಬಡಿತವಿಲ್ಲ. ಪಕ್ಕದ ಮನೆಯಲ್ಲಿ ಮಿಕ್ಸಿ ಓಡುತ್ತಿರುವಂಥ ಸೀಟಿ ಸದ್ದು, ಅಷ್ಟೆ. ಬೆಂಗಳೂರಿನ ಎಚ್‌ಎಎಲ್ ಸುತ್ತಮುತ್ತ ಬೆಳೆದವರಿಗೆ ಚೇತಕ್ ಹೆಲಿಕಾಪ್ಟರು ಚಾಲೂ ಆಗುವಾಗ ಏರುತ್ತಾ ಹೋಗುವ ಆ ಕೀರಲು ದನಿ ನೆನಪಿದ್ದರೆ, ಅದನ್ನೇ ಹತ್ತು ಪಾಲು ತಗ್ಗಿಸಿ ಊಹಿಸಿಕೊಳ್ಳಬಹುದು.

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು 1963ರ ಕ್ರೈಸ್ಲರ್ ಟರ್ಬೈನ್ ಕಾರು. ಟರ್ಬೈನ್ ಹಾಕಿದ ನೆಲದ ವಾಹನಗಳು ಹಲವಾರು ಬಂದುಹೋಗಿವೆ. ಅವುಗಳಲ್ಲಿ ಸಾಮಾನ್ಯ ಸಂಸಾರಸ್ಥರ ಕೈಗೆ ಕೊಟ್ಟು, ಮಕ್ಕಳನ್ನು ಶಾಲೆಗೆ ಬಿಡುವುದಕ್ಕೂ ದಿನಸಿ ತರುವುದಕ್ಕೂ ಬಳಸಿ ನೋಡಿದ ಕಾರು ಇದೊಂದೇ ಎನ್ನಬಹುದು. ಆದ್ದರಿಂದ ಟರ್ಬೈನ್ ಎಂಜಿನ್ನಿನ ಗುಣಾವಗುಣ ತೂಗಲು ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದಿಲ್ಲ. ಕವಚವನ್ನು ಇಟಲಿಯ ತುರಿನ್ ನಗರದ ಘಿಯಾ ಕಾರ್ಖಾನೆ ಕೈಯಲ್ಲೇ ತಟ್ಟಿ ಮಾಡಿತು, ಎಂಜಿನ್ ಕೂರಿಸಿದ್ದು ಡೆಟ್ರಾಯಿಟ್‌ನಲ್ಲಿ. ಒಟ್ಟು 55 ಕಾರುಗಳಲ್ಲಿ 50 ಜನರ ಬಳಕೆಗೆ ಹೋದವು. 1963ರ ಕೊನೆಯಿಂದ 1966ರ ಜನವರಿಯವರೆಗೆ 203 ಮಂದಿಗೆ ತಲಾ ಮೂರು ತಿಂಗಳು ಬಾಡಿಗೆಯಿಲ್ಲದೆ ಕೊಟ್ಟರು. ವಿಮೆ, ರಿಪೇರಿ ಕಂಪನಿಯದು. ಇಂಧನದ ಖರ್ಚು ಮಾತ್ರ ಓಡಿಸುವವರದು. ಎಲ್ಲ ಸೇರಿ 10 ಲಕ್ಷ ಮೈಲಿಗೂ ಹೆಚ್ಚು ಓಡಿದವು. ತಾಮ್ರದ ಕೊಡವನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದಂಥ ಬಣ್ಣ, ಒಳಗೂ ಅದೇ ಬಣ್ಣದ ಚರ್ಮ. ಹಿಂದಿನ ದೀಪಗಳ ಜಾಗ ಜೆಟ್ ವಿಮಾನದ ಬಾಲದಂತೆ ಕಾಣುತ್ತದೆ. ಅಲಂಕಾರ ಸ್ವಲ್ಪ ಅತಿಯಾಯಿತು, ಆದರೆ ಆ ಕಾಲದ ಅಮೆರಿಕನ್ ಕಾರುಗಳ ನಡುವೆ ಇದು ಸಂಭಾವಿತನೇ.

ಬಾನೆಟ್ ಎತ್ತಿದರೆ ರೇಡಿಯೇಟರ್ ಇಲ್ಲ. ಅದರ ಫ್ಯಾನಿಲ್ಲ, ಕೂಲಂಟ್ ಇಲ್ಲ, ಡಿಸ್ಟ್ರಿಬ್ಯೂಟರ್ ಇಲ್ಲ, ಕಾರ್ಬ್ಯುರೇಟರ್ ಇಲ್ಲ. ಎ-831 ಎಂಬ ಹೆಸರಿನ ಈ ಎಂಜಿನ್ನಿನ ತೂಕ 186 ಕೆ.ಜಿ., ಶಕ್ತಿ 130 ಅಶ್ವಶಕ್ತಿ. ಚಲಿಸುವ ಭಾಗಗಳು ಸುಮಾರು 60. ಅಷ್ಟೇ ಶಕ್ತಿಯ ಪಿಸ್ಟನ್ ಎಂಜಿನ್ನಿನಲ್ಲಿ 300ರ ಹತ್ತಿರ. ಕೆಲಸದ ಕ್ರಮ ಹೀಗೆ: ಮುಂದಿನಿಂದ ಎಳೆದುಕೊಂಡ ಗಾಳಿಯನ್ನು ಒಂದೇ ಹಂತದ ಕಂಪ್ರೆಸರ್ ಚಕ್ರ ನಾಲ್ಕು ಪಟ್ಟು ಒತ್ತಡಕ್ಕೆ ಏರಿಸುತ್ತದೆ. ಆ ಗಾಳಿ ದಹನಕೋಣೆಗೆ ಹೋಗಿ, ಇಂಧನ ಉರಿದು, 925 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದು ಮೊದಲ ಟರ್ಬೈನ್ ಚಕ್ರಕ್ಕೆ ಬಡಿಯುತ್ತದೆ. ಆ ಚಕ್ರದ ದುಡಿಮೆ ಕಂಪ್ರೆಸರನ್ನು ತಿರುಗಿಸುವುದಕ್ಕೇ ಸರಿಹೋಗುತ್ತದೆ. ಮಿಕ್ಕ ಬಿಸಿಗಾಳಿ ಎರಡನೇ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಗಾಲಿಗಳಿಗೆ ಸೇರಿರುವುದು ಈ ಎರಡನೆಯದು ಮಾತ್ರ. ಎರಡಕ್ಕೂ ನಡುವೆ ಶಾಫ್ಟ್ ಸಂಬಂಧವಿಲ್ಲ. ಎದುರುಬದುರು ಇಟ್ಟ ಎರಡು ಫ್ಯಾನುಗಳಲ್ಲಿ ಒಂದಕ್ಕೆ ಕರೆಂಟು ಕೊಟ್ಟರೆ ಇನ್ನೊಂದು ತಾನೇ ತಿರುಗುವುದಿಲ್ಲವೇ, ಹಾಗೆ.

ಈ ಕಾರಿನ ಸುಖವೆಲ್ಲ ಆ ಬಿಡಿ ಚಕ್ರದಲ್ಲಿದೆ. ಕಾರು ನಿಂತಿದ್ದಾಗ ಎರಡನೇ ಚಕ್ರವೂ ನಿಂತಿರುತ್ತದೆ, ಆದರೆ ಗಾಳಿ ಅದನ್ನು ತಳ್ಳುತ್ತಲೇ ಇರುತ್ತದೆ. ಪೂರ್ತಿ ರೇಸ್ ಕೊಟ್ಟರೆ, ಗಾಲಿ ಇನ್ನೂ ಉರುಳುವ ಮೊದಲೇ ಹೊರಶಾಫ್ಟಿನಲ್ಲಿ 576 ನ್ಯೂಟನ್ ಮೀಟರ್ ತಿರುಚುಬಲ. ಇವತ್ತಿನ 1.2 ಲೀಟರಿನ ಸಣ್ಣ ಪೆಟ್ರೋಲ್ ಕಾರಿನಲ್ಲಿ ಅದು 110ರ ಆಸುಪಾಸು, ಅದೂ ನಾಲ್ಕು ಸಾವಿರ ಸುತ್ತಿಗೆ ಏರಿದ ಮೇಲೆ. ಪಿಸ್ಟನ್ ಎಂಜಿನ್ ನಿಂತ ಗಾಲಿಯನ್ನು ಎಳೆಯಲು ಹೋದರೆ ಆಫ್ ಆಗುತ್ತದೆ, ಅದಕ್ಕೇ ಕ್ಲಚ್ಚೋ ಟಾರ್ಕ್ ಕನ್ವರ್ಟರೋ ಬೇಕು. ಇಲ್ಲಿ ಎರಡೂ ಬೇಡ. ಕ್ರೈಸ್ಲರ್ ತನ್ನ ಮೂರು ಗಿಯರಿನ ಆಟೊಮ್ಯಾಟಿಕ್ ಪೆಟ್ಟಿಗೆಯಿಂದ ಕನ್ವರ್ಟರನ್ನು ಕಿತ್ತುಹಾಕಿ ನೇರವಾಗಿ ಜೋಡಿಸಿತು. ಏರಿನಲ್ಲಿ ಕಾರು ಉಸಿರುಗಟ್ಟುವುದಿಲ್ಲ, ಎಂಜಿನ್ ಆಫ್ ಆಗುವ ಮಾತೇ ಇಲ್ಲ. ಇದರ ಇನ್ನೊಂದು ಮುಖ, ಗಿಯರಿನಲ್ಲಿದ್ದಾಗ ಕಾರು ಸದಾ ತೆವಳಲು ನೋಡುತ್ತದೆ; ಸಿಗ್ನಲ್ಲಿನಲ್ಲಿ ಬ್ರೇಕಿನ ಮೇಲಿನ ಕಾಲು ತೆಗೆಯುವಂತಿಲ್ಲ.

ಇಂಧನದ ವಿಷಯದಲ್ಲಿ ಈ ಎಂಜಿನ್ನಿಗೆ ಮಡಿಮೈಲಿಗೆಯಿಲ್ಲ. ಡೀಸೆಲ್, ಸೀಮೆಎಣ್ಣೆ, ಜೆಟ್ ಇಂಧನ, ಅಡುಗೆ ಎಣ್ಣೆ, ಕೊಳವೆಯಲ್ಲಿ ಹರಿದು ಉರಿಯುವುದಾದರೆ ಸಾಕು. ಮೆಕ್ಸಿಕೋದ ಅಧ್ಯಕ್ಷ ಅಡಾಲ್ಫೊ ಲೋಪೆಸ್ ಮಾತೆಯೊಸ್ ಅವರ ಎದುರು ಟಕೀಲಾ ಮದ್ಯವನ್ನೇ ಸುರಿದು ಓಡಿಸಿದ್ದು ದಾಖಲಾಗಿದೆ. ಆದರೆ ತಮಾಷೆ ನೋಡಿ, ಆಗಿನ ಅಮೆರಿಕದ ಪ್ರತಿಯೊಂದು ಬಂಕಿನಲ್ಲೂ ಸಿಗುತ್ತಿದ್ದ ಮಾಮೂಲು ಸೀಸ ಬೆರೆಸಿದ ಪೆಟ್ರೋಲೇ ಇದಕ್ಕೆ ಆಗಿಬರುತ್ತಿರಲಿಲ್ಲ. ಸೀಸದ ಬೂದಿ ಟರ್ಬೈನ್ ಅಲಗುಗಳ ಮೇಲೂ, ಹೊಗೆಯ ಬಿಸಿಯನ್ನು ಹಿಡಿದು ಮರಳಿಸುವ ರಿಜನರೇಟರ್ ಎಂಬ ಭಾಗದ ಸಣ್ಣ ತೂತುಗಳಲ್ಲೂ ಗಟ್ಟಿಯಾಗಿ ಕೂರುತ್ತದೆ. ಆದ್ದರಿಂದ ಲಾರಿಗಳ ಸಾಲಿನಲ್ಲಿ ನಿಂತು ಡೀಸೆಲ್ ಹಾಕಿಸಿಕೊಳ್ಳುವುದು ಅನಿವಾರ್ಯವಾಯಿತು. ಏನು ಬೇಕಾದರೂ ಕುಡಿಯುತ್ತದೆ ಎಂಬ ಹೊಗಳಿಕೆ ಕೇಳಲು ಚೆಂದ, ಬಂಕಿನ ಮುಂದೆ ಅದಕ್ಕೆ ಕಿಮ್ಮತ್ತು ಕಡಿಮೆ.

ಚಳಿಯಲ್ಲಿ ಇದು ನಿಜವಾಗಿ ಗೆಲ್ಲುತ್ತದೆ. ಗಟ್ಟಿಯಾದ ಆಯಿಲಿನಲ್ಲಿ ಪಿಸ್ಟನ್ನುಗಳನ್ನು ಎಳೆದಾಡುವ ಕಷ್ಟವಿಲ್ಲ, ಬೇರಿಂಗುಗಳ ಮೇಲೆ ಎರಡು ಶಾಫ್ಟು ತಿರುಗಿದರಾಯಿತು. ಹೀಟರ್ ಹಾಕಿದ ಕೂಡಲೇ ಬಿಸಿ ಗಾಳಿ. ಆಯಿಲಿಗೆ ಬೆಂಕಿಯ ಸಂಪರ್ಕವೇ ಇಲ್ಲದ್ದರಿಂದ ಅದು ಕಪ್ಪಾಗುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಕೆಟ್ಟು ನಿಂತ ದಿನಗಳ ಪಾಲು ಯೋಜನೆಯ ಆರಂಭದಲ್ಲಿ ಶೇ. 4 ಇದ್ದದ್ದು ಕೊನೆಗೆ ಶೇ. 1ಕ್ಕೆ ಇಳಿಯಿತು. ಮೊದಲ ಬಾರಿ ರಸ್ತೆಗಿಳಿದ ಎಂಜಿನ್ನಿಗೆ ಇದು ಅಸಾಮಾನ್ಯ ಅಂಕ. ಕೆಟ್ಟದ್ದರಲ್ಲಿ ಮುಖ್ಯವಾದದ್ದು ಎತ್ತರದ ಊರುಗಳಲ್ಲಿ ಚಾಲೂ ಆಗುವ ತೊಂದರೆ. ಅಲ್ಲಿ ಗಾಳಿ ತೆಳು, ಕಂಪ್ರೆಸರ್ ತನ್ನ ಕಾಲ ಮೇಲೆ ತಾನು ನಿಲ್ಲುವಷ್ಟು ವೇಗ ಹಿಡಿಯುವವರೆಗೆ ಸ್ಟಾರ್ಟರ್ ಹೆಚ್ಚು ಹೊತ್ತು ದುಡಿಯಬೇಕು, ಸೋತುಹೋಗುತ್ತಿತ್ತು.

ಈಗ ಪಿಕಪ್. ಸೊನ್ನೆಯಿಂದ 60 ಮೈಲಿ ವೇಗಕ್ಕೆ ಸುಮಾರು 12 ಸೆಕೆಂಡು. ಆ ಕಾಲಕ್ಕೆ ಮೋಸವಿಲ್ಲ. ಕಾಲು ಒತ್ತಿದ ಮೇಲಿನ ಮೊದಲ ಒಂದು, ಒಂದೂವರೆ ಸೆಕೆಂಡಿನಲ್ಲಿ ಏನೂ ಆಗದಿರುವುದೇ ದೋಷ. ಸೀಟಿ ಏರುತ್ತದೆ, ಕಾರು ಇದ್ದಲ್ಲೇ ಇರುತ್ತದೆ. ಕಾರಣ ಸರಳ. ಇಂಧನ ಹೆಚ್ಚಿದ ತಕ್ಷಣ ಶಕ್ತಿ ಬರುವುದಿಲ್ಲ. ಮೊದಲು ಕಂಪ್ರೆಸರ್ ಮತ್ತು ಅದರ ಚಕ್ರ 20,000ದಿಂದ 44,000ದ ಮೇಲಕ್ಕೆ ಏರಬೇಕು, ಆಮೇಲಷ್ಟೇ ಎರಡನೇ ಚಕ್ರವನ್ನು ತಳ್ಳುವಷ್ಟು ಗಾಳಿ. ಬೇಗ ಏರಲಿ ಎಂದು ಒಮ್ಮೆಗೇ ಇಂಧನ ಸುರಿದರೆ ಅಲಗುಗಳು ಸುಡುತ್ತವೆ, ಇಲ್ಲವೇ ಕಂಪ್ರೆಸರಿನಲ್ಲಿ ಗಾಳಿ ಹಿಂದಕ್ಕೆ ನುಗ್ಗಿ ಸರ್ಜ್ ಆಗುತ್ತದೆ. ಹಾಗಾಗಿ ಇಂಧನ ನಿಯಂತ್ರಕ ಬೇಕೆಂದೇ ನಿಧಾನಿಸುತ್ತದೆ. ನೇರ ಹೆದ್ದಾರಿಯಲ್ಲಿ ಇದು ಗೊತ್ತಾಗುವುದಿಲ್ಲ. ಎದುರಿನಿಂದ ಲಾರಿ ಬರುತ್ತಿರುವಾಗ ಓವರ್‌ಟೇಕ್ ಮಾಡಲು ಕಾಲು ಒತ್ತಿದವನಿಗೆ ಆ ಒಂದೂವರೆ ಸೆಕೆಂಡು ಎಷ್ಟು ಉದ್ದ ಎಂದು ಗೊತ್ತಿರುತ್ತದೆ.

ಇನ್ನೊಂದು ಕೊರತೆ, ಕಾಲು ತೆಗೆದರೆ ಎಂಜಿನ್ ಹಿಡಿಯುವುದಿಲ್ಲ. ಬಿಡಿ ಚಕ್ರಕ್ಕೆ ತಡೆಯೇ ಇಲ್ಲವಲ್ಲ. ಘಟ್ಟ ಇಳಿಯುವ ವಾಹನಕ್ಕೆ ಇದು ಅಪಾಯದ ವಿಷಯ. ಎ-831ರಲ್ಲಿ ಇದಕ್ಕೆ ಜಾಣ ಉಪಾಯ ಮಾಡಿದ್ದಾರೆ: ಎರಡನೇ ಚಕ್ರದ ಮುಂದೆ ಗಾಳಿಗೆ ದಿಕ್ಕು ತೋರಿಸುವ ಅಲಗುಗಳು ತಿರುಗುವಂಥವು. ಕಾಲು ತೆಗೆದಾಗ ಅವು ಮಗುಚಿ ಗಾಳಿಯನ್ನು ಚಕ್ರದ ಎದುರು ದಿಕ್ಕಿಗೆ ಬಡಿಸುತ್ತವೆ, ಎಂಜಿನ್ ಬ್ರೇಕ್ ಸಿಗುತ್ತದೆ. ಅದೇ ಅಲಗುಗಳು ಮಧ್ಯಮ ವೇಗದಲ್ಲಿ ಉಷ್ಣತೆಯನ್ನು ಮೇಲಿಟ್ಟು ಸ್ವಲ್ಪ ಇಂಧನವನ್ನೂ ಉಳಿಸುತ್ತವೆ. ಇಡೀ ಕಾರಿನಲ್ಲಿ ಮೆಚ್ಚಿ ತಲೆದೂಗಬೇಕಾದ ಭಾಗ ಯಾವುದೆಂದರೆ ಇದೇ.

ಇಷ್ಟಾದರೂ ಮೈಲೇಜು ಸುಧಾರಿಸಲಿಲ್ಲ, ಮತ್ತು ನೆಲದ ಮೇಲಿನ ಟರ್ಬೈನುಗಳೆಲ್ಲ ಎಡವಿದ್ದು ಅಲ್ಲೇ. 1,800 ಕೆ.ಜಿ. ತೂಗುವ ಈ ಕಾರಿಗೆ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ಹೋಗಲು 20 ಅಶ್ವಶಕ್ತಿ ಸಾಕು. ಅಂದರೆ 130ರ ಎಂಜಿನ್ ಬದುಕಿನ ಬಹುಭಾಗವನ್ನು ಆರನೇ ಒಂದು ಪಾಲಿಗಿಂತ ಕಡಿಮೆ ಹೊರೆಯಲ್ಲೇ ಕಳೆಯುತ್ತದೆ. ಊರೊಳಗೆ ಅದೂ ಇಲ್ಲ, ನಿಂತಿರುವುದೇ ಹೆಚ್ಚು. ಡೀಸೆಲ್ ಎಂಜಿನ್ನಿಗೆ ಹೊರೆ ಕಡಿಮೆಯಾದರೆ ಚಿಮ್ಮುವ ಎಣ್ಣೆ ಕಡಿಮೆಯಾಗುತ್ತದೆ, ಆದರೆ ಸಿಲಿಂಡರಿನೊಳಗೆ ಗಾಳಿಯನ್ನು ಅದುಮುವ ಪ್ರಮಾಣ ಬದಲಾಗುವುದಿಲ್ಲ. ಟರ್ಬೈನಿನಲ್ಲಿ ಹಾಗಲ್ಲ. ಕಂಪ್ರೆಸರ್ ಏರಿಸುವ ಒತ್ತಡ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ವೇಗ ಅರ್ಧವಾದರೆ ಒತ್ತಡದ ಏರಿಕೆ ಕಾಲುಭಾಗ. ಪೂರ್ತಿ ವೇಗದಲ್ಲಿ ನಾಲ್ಕು ಪಟ್ಟು ಇದ್ದದ್ದು ಐಡ್ಲಿಂಗಿನಲ್ಲಿ ಎರಡು ಪಟ್ಟನ್ನೂ ಮುಟ್ಟುವುದಿಲ್ಲ. ಒತ್ತಡವಿಲ್ಲದ ಬೆಂಕಿಯಿಂದ ಕೆಲಸ ಹುಟ್ಟುವುದಿಲ್ಲ. ಆದರೂ 20,000 ಸುತ್ತು ತಿರುಗಿಸಿಡಲು ಎಣ್ಣೆ ಉರಿಸುತ್ತಲೇ ಇರಬೇಕು, ಯಾಕೆಂದರೆ ಟರ್ಬೈನಿನಲ್ಲಿ ಹುಟ್ಟುವ ಶಕ್ತಿಯ ಮೂರನೇ ಎರಡರಷ್ಟು ಕಂಪ್ರೆಸರಿಗೇ ಹೋಗುತ್ತದೆ. ಛತ್ರದ ಅಡುಗೆ ಒಲೆ ಹೊತ್ತಿಸಿ ಒಂದು ಲೋಟ ಕಾಫಿ ಕಾಯಿಸಿದ ಹಾಗೆ.

ವಿಮಾನದಲ್ಲಿ ಇದೇ ಎಂಜಿನ್ ಯಾಕೆ ರಾಜನಾಗಿ ಮೆರೆಯುತ್ತದೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಅಲ್ಲಿ ಎಂಜಿನ್ ತಾಸುಗಟ್ಟಲೆ ತನ್ನ ಶಕ್ತಿಯ ದೊಡ್ಡ ಪಾಲನ್ನು ಒಂದೇ ಸಮ ಕೊಡುತ್ತಿರುತ್ತದೆ, ಉಳಿಸಿದ ಒಂದೊಂದು ಕಿಲೋ ತೂಕಕ್ಕೂ ಬೆಲೆಯಿದೆ. ಮೇಲಾಗಿ ದೊಡ್ಡ ಟರ್ಬೈನಿಗೆ ಸಿಗುವ ದಕ್ಷತೆ ಸಣ್ಣದಕ್ಕೆ ಸಿಗುವುದಿಲ್ಲ. ಅಲಗಿನ ತುದಿಗೂ ಕವಚಕ್ಕೂ ನಡುವೆ ಬಿಡಬೇಕಾದ ಸಂದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಉದ್ದ ಅಲಗಿನಲ್ಲಿ ಅದು ಲೆಕ್ಕಕ್ಕಿಲ್ಲ, ಬೆರಳುದ್ದದ ಅಲಗಿನಲ್ಲಿ ಅಷ್ಟೇ ಸಂದಿನಿಂದ ಸೋರುವ ಗಾಳಿ ಲಾಭವನ್ನು ತಿಂದುಹಾಕುತ್ತದೆ.

ಎ-831 ಇದನ್ನು ಎದುರಿಸಿದ್ದು ರಿಜನರೇಟರಿನಿಂದ. ಬಚ್ಚಲ ಒಲೆಯ ಹೊಗೆ ಕೊಳವೆಯಲ್ಲಿ ಎಷ್ಟು ಬಿಸಿ ದಂಡವಾಗುತ್ತದೆಯೋ ಹಾಗೆಯೇ ಸಾದಾ ಟರ್ಬೈನಿನ ಸೈಲೆನ್ಸರಿನಲ್ಲೂ. ಜನರಲ್ ಮೋಟರ್ಸ್ 1950ರ ದಶಕದಲ್ಲಿ ಮಾಡಿದ ಫೈರ್‌ಬರ್ಡ್ ಪ್ರಯೋಗದ ಕಾರಿನ ಹಿಂದಿನಿಂದ ಬರುತ್ತಿದ್ದ ಗಾಳಿ 677 ಡಿಗ್ರಿ ಸೆಲ್ಸಿಯಸ್. ಹಿಂದೆ ಯಾರೂ ನಿಲ್ಲುವಂತಿರಲಿಲ್ಲ. ಕ್ರೈಸ್ಲರ್ ಎಂಜಿನ್ನಿನ ಎರಡೂ ಪಕ್ಕದಲ್ಲಿ ಜೇನುಗೂಡಿನಂತೆ ತೂತುಗಳಿರುವ ಒಂದೊಂದು ದೊಡ್ಡ ಲೋಹದ ತಟ್ಟೆ ನಿಧಾನವಾಗಿ, ನಿಮಿಷಕ್ಕೆ 9ರಿಂದ 22 ಸುತ್ತು, ತಿರುಗುತ್ತಿರುತ್ತದೆ. ತಟ್ಟೆಯ ಒಂದು ಪಾಲು ಹೊರಹೋಗುವ ಬಿಸಿಗಾಳಿಯಲ್ಲಿ ಕಾಯುತ್ತದೆ, ತಿರುಗಿ ಬಂದು ಒಳಬರುವ ಒತ್ತಡದ ಗಾಳಿಗೆ ಆ ಬಿಸಿಯನ್ನು ಬಿಟ್ಟುಕೊಡುತ್ತದೆ. ಹೀಗೆ ಗಾಳಿ ದಹನಕೋಣೆಗೆ ಹೋಗುವ ಮೊದಲೇ ಕಾದಿರುವುದರಿಂದ ಅಷ್ಟು ಎಣ್ಣೆ ಉಳಿತಾಯ. ಹೊರಬರುವ ಗಾಳಿ ಪೂರ್ತಿ ಶಕ್ತಿಯಲ್ಲೂ 275 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಐಡ್ಲಿಂಗಿನಲ್ಲಿ 80ರ ಆಸುಪಾಸು.

ಇದರಿಂದ ಎಷ್ಟು ಲಾಭ ಎಂದು ತಿಳಿಯಲು ಇಂಗ್ಲೆಂಡಿನ ರೋವರ್-ಬಿಆರ್‌ಎಂ ರೇಸ್ ಕಾರನ್ನು ನೋಡಬೇಕು. 1963ರಲ್ಲಿ ಲೆ ಮಾನ್ಸ್‌ನ 24 ತಾಸಿನ ಓಟದಲ್ಲಿ ರಿಜನರೇಟರ್ ಇಲ್ಲದೆ ಓಡಿದಾಗ ಲೀಟರಿಗೆ ಎರಡೂವರೆ ಕಿ.ಮೀ. ಕೊಟ್ಟಿತು. 1965ರಲ್ಲಿ ಸೆರಾಮಿಕ್ ರಿಜನರೇಟರ್ ಹಾಕಿಕೊಂಡು ಬಂದಾಗ ಐದಕ್ಕೆ ಹತ್ತಿರ. ದುಪ್ಪಟ್ಟು! ಗ್ರಹಾಂ ಹಿಲ್ ಮತ್ತು ಜಾಕಿ ಸ್ಟುವರ್ಟ್ ಅದನ್ನು ಹತ್ತನೇ ಸ್ಥಾನಕ್ಕೆ ಮುಟ್ಟಿಸಿದರು. ಓಟದ ಆರಂಭದಲ್ಲೇ ಟ್ರ್ಯಾಕಿನ ಅಂಚಿಗೆ ಜಾರಿ ಮರಳು ಒಳಹೊಕ್ಕು ಅಲಗುಗಳು ಪೆಟ್ಟು ತಿಂದಿದ್ದವು, ಉಳಿದ ದಾರಿಯನ್ನೆಲ್ಲ ಉಷ್ಣತೆಯ ಮುಳ್ಳು ನೋಡಿಕೊಂಡೇ ಓಡಿಸಬೇಕಾಯಿತು.

ರಿಜನರೇಟರಿನ ತೊಂದರೆ ಇರುವುದು ಸೀಲುಗಳಲ್ಲಿ. ತಿರುಗುವ ತಟ್ಟೆಯ ಒಂದು ಕಡೆ ನಾಲ್ಕು ಪಟ್ಟು ಒತ್ತಡ, ಇನ್ನೊಂದು ಕಡೆ ಬರೀ ಹೊಗೆ. ನಡುವೆ ಉಜ್ಜುತ್ತಾ ನಿಂತ ಸೀಲು ಎಣ್ಣೆಯ ಹಂಗಿಲ್ಲದೆ, ಆ ಬಿಸಿಯಲ್ಲಿ, ಗಾಳಿ ಸೋರದಂತೆ ಹಿಡಿದಿರಬೇಕು. ಬಿಸಿಗೆ ತಟ್ಟೆ ಕೂದಲೆಳೆಯಷ್ಟು ಬಾಗಿದರೂ ಸೋರಿಕೆ ಶುರು. ಶೇಕಡಾ ಕೆಲವು ಭಾಗ ಗಾಳಿ ಸೋರಿದರೆ ಉಳಿಸಿದ ಎಣ್ಣೆಯ ದೊಡ್ಡ ಪಾಲು ಹೋಯಿತೆಂದೇ ಲೆಕ್ಕ. ಲೋಹದ ಬದಲು ಸೆರಾಮಿಕ್ ಹಾಕಿದವರಿಗೆ ಬೇರೆ ಕಾಟ. ಫೋರ್ಡ್ ತನ್ನ ಟರ್ಬೈನ್ ಲಾರಿಗಳಲ್ಲಿ ಬಳಸಿದ ಲಿಥಿಯಂ ಬೆರೆತ ಸೆರಾಮಿಕ್ಕನ್ನು ಇಂಧನದ ಗಂಧಕವೂ ರಸ್ತೆಗೆ ಚೆಲ್ಲುವ ಉಪ್ಪೂ ಸೇರಿ ತಿಂದುಹಾಕಿದವು, ಕೊನೆಗೆ ವಸ್ತುವನ್ನೇ ಬದಲಿಸಬೇಕಾಯಿತು. ಮೊದಲಿನ 60 ಭಾಗಗಳ ಸರಳತೆಯ ಹೆಮ್ಮೆ ಇಲ್ಲಿಗೆ ಬರುವಷ್ಟರಲ್ಲಿ ಅರ್ಧಕ್ಕರ್ಧ ಕರಗಿರುತ್ತದೆ.

ಧೂಳಿನ ವಿಷಯ ಕಾರಿಗಿಂತ ಯುದ್ಧದ ಟ್ಯಾಂಕಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಎ-831 ಪೂರ್ತಿ ಶಕ್ತಿಯಲ್ಲಿ ಸೆಕೆಂಡಿಗೆ ಒಂದು ಕಿಲೋ ಗಾಳಿ ನುಂಗುತ್ತದೆ. ಒಂದು ತಾಸಿಗೆ ಮೂರೂವರೆ ಟನ್ನಿಗೂ ಹೆಚ್ಚು. ಅಷ್ಟೇ ಶಕ್ತಿಯ ಪಿಸ್ಟನ್ ಎಂಜಿನ್ನಿಗೆ ಇದರಲ್ಲಿ ಸಣ್ಣ ಪಾಲು ಸಾಕು, ಯಾಕೆಂದರೆ ಟರ್ಬೈನಿಗೆ ಬರುವ ಗಾಳಿಯಲ್ಲಿ ಹೆಚ್ಚಿನದು ಉರಿಯುವುದಕ್ಕಲ್ಲ, ಬೆಂಕಿಯನ್ನು ತಣಿಸಿ ಅಲಗು ಕರಗದಂತೆ ಕಾಯುವುದಕ್ಕೆ. ಅಮೆರಿಕದ ಎಂ1 ಅಬ್ರಾಮ್ಸ್ ಟ್ಯಾಂಕಿನ 1,500 ಅಶ್ವಶಕ್ತಿಯ ಎಜಿಟಿ-1500ಕ್ಕೆ ಇದನ್ನು ಹಲವು ಪಟ್ಟು ಮಾಡಿಕೊಳ್ಳಿ. 1991ರ ಕೊಲ್ಲಿ ಯುದ್ಧದ ಮರಳುಗಾಡಿನಲ್ಲಿ ಅದರ ಫಿಲ್ಟರುಗಳನ್ನು ಮೇಲಿಂದ ಮೇಲೆ ಹೊರತೆಗೆದು ಗಾಳಿ ಹೊಡೆದು ತೊಳೆಯುವುದೇ ಸಿಬ್ಬಂದಿಗೆ ದಿನಚರಿಯಾಯಿತು. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆ, ಗಾಳಿ ಕಡಿಮೆಯಾದರೆ ಉಷ್ಣತೆ ಮೇಲೆ, ಶಕ್ತಿ ಕೆಳಗೆ. ಫಿಲ್ಟರ್ ಹರಿದರೆ ಮರಳು ಕಂಪ್ರೆಸರ್ ಅಲಗುಗಳ ಅಂಚನ್ನು ಸವೆಸುತ್ತದೆ, ದಹನಕೋಣೆಯಲ್ಲಿ ಕರಗಿ ಟರ್ಬೈನ್ ಅಲಗುಗಳಿಗೆ ಗಾಜಿನಂತೆ ಅಂಟುತ್ತದೆ. ರಷ್ಯನ್ನರು ಟಿ-80ರಲ್ಲಿ ಬೇರೆ ದಾರಿ ಹಿಡಿದರು. ಬಟ್ಟೆ ಫಿಲ್ಟರ್ ಬೇಡವೆಂದು ಗಾಳಿಯನ್ನು ಸುಳಿಯಂತೆ ತಿರುಗಿಸಿ ಧೂಳನ್ನು ಎಸೆದು, ಒಳನುಗ್ಗಿದ ಚೂರುಪಾರನ್ನು ಅಲಗುಗಳಿಗೆ ಕಂಪನ ಕೊಟ್ಟು ಉದುರಿಸುತ್ತಾರೆ. ಸೇನೆಯ ಸಿಬ್ಬಂದಿಗೆ ಇದು ಆರಾಮ, ಎಂಜಿನ್ನಿಗೆ ಅಲ್ಲ.

ಎಣ್ಣೆಯ ಲೆಕ್ಕವೂ ಟ್ಯಾಂಕಿನಲ್ಲೇ ಸ್ಪಷ್ಟ. ಅಬ್ರಾಮ್ಸ್ ಹೊರುವುದು ಸುಮಾರು 1,900 ಲೀಟರ್, ರಸ್ತೆಯಲ್ಲಿ ಓಡುವುದು 426 ಕಿ.ಮೀ. ಅಂದರೆ ಒಂದು ಕಿಲೋಮೀಟರಿಗೆ ನಾಲ್ಕೂವರೆ ಲೀಟರ್. ಅದೇ 1,500 ಅಶ್ವಶಕ್ತಿಯ ಡೀಸೆಲ್ ಹಾಕಿದ ಜರ್ಮನಿಯ ಲೆಪರ್ಡ್-2 ಸುಮಾರು 1,200 ಲೀಟರಿನಲ್ಲಿ 450ರಿಂದ 500 ಕಿ.ಮೀ. ಹೋಗುತ್ತದೆ. ಇನ್ನು ಅಬ್ರಾಮ್ಸ್ ನಿಂತಲ್ಲೇ ರೇಡಿಯೋ, ದೃಶ್ಯ ಉಪಕರಣಗಳಿಗೆ ಕರೆಂಟು ಕೊಡುತ್ತಾ ನಿಂತರೂ ತಾಸಿಗೆ 40 ಲೀಟರಿನ ಆಸುಪಾಸು ಖಾಲಿ. ಇದನ್ನು ತಪ್ಪಿಸಲು ಆಮೇಲೆ ಬೇರೆಯೇ ಸಣ್ಣ ಜನರೇಟರು, ಹೆಚ್ಚಿನ ಬ್ಯಾಟರಿ ಸೇರಿಸಬೇಕಾಯಿತು. ಭಾರತದ ಸೇನೆ ತೆಗೆದುಕೊಂಡ ಟಿ-90 ಡೀಸೆಲ್, ನಮ್ಮದೇ ಅರ್ಜುನ್ ಟ್ಯಾಂಕಿನದು 1,400 ಅಶ್ವಶಕ್ತಿಯ ಜರ್ಮನ್ ಡೀಸೆಲ್. ಪಾಕಿಸ್ತಾನ ಉಕ್ರೇನಿನಿಂದ ಕೊಂಡದ್ದು ಕೂಡ ಟಿ-80ರ ಡೀಸೆಲ್ ರೂಪವನ್ನೇ. ಥಾರ್ ಮರುಭೂಮಿಯ ಎರಡೂ ಬದಿಯಲ್ಲಿ ಟರ್ಬೈನ್ ಇಲ್ಲದಿರುವುದು ಸೋಜಿಗವೇನಲ್ಲ. ಹಾಗೆಂದು ಟಿ-80 ಮೂರ್ಖರ ಆಯ್ಕೆಯೂ ಅಲ್ಲ. ಮೈನಸ್ 40 ಡಿಗ್ರಿಯಲ್ಲಿ ಡೀಸೆಲ್ ಟ್ಯಾಂಕು ಮೊದಲು ತನ್ನನ್ನು ತಾನೇ ಕಾಯಿಸಿಕೊಳ್ಳುತ್ತಾ ಕೂತಿರುವಾಗ ಇದು ಹೊರಟುಬಿಟ್ಟಿರುತ್ತದೆ. ಮಂಜಿನ ನಾಡಿಗೆ ಅದು ಬೇಕಿತ್ತು.

ಟರ್ಬೈನ್ ತನಗೆ ತಕ್ಕ ಕೆಲಸ ಕಂಡುಕೊಂಡದ್ದೂ ಉಂಟು. ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆ 1950 ಮತ್ತು 60ರ ದಶಕದಲ್ಲಿ 8,500 ಅಶ್ವಶಕ್ತಿಯವರೆಗಿನ ಟರ್ಬೈನ್ ಲೋಕೋಮೋಟಿವ್ ಓಡಿಸಿತು. ಉದ್ದನೆಯ ಗೂಡ್ಸ್ ಗಾಡಿ, ತಾಸುಗಟ್ಟಲೆ ಪೂರ್ತಿ ಹೊರೆ, ಮೇಲಾಗಿ ಯಾರಿಗೂ ಬೇಡದ ಗಸಿಯಂಥ ಕಪ್ಪು ಎಣ್ಣೆ ಅಗ್ಗದಲ್ಲಿ. ಆ ಎಣ್ಣೆಯನ್ನು ಕಾಯಿಸಿದರೆ ಮಾತ್ರ ಹರಿಯುತ್ತಿತ್ತು, ಅಲಗುಗಳನ್ನು ಮಸಿ ಹಿಡಿಸಿ ಕೊರೆಯುತ್ತಿತ್ತು, ಆದರೂ ಲೆಕ್ಕ ಹೊಂದುತ್ತಿತ್ತು. ಯಾರ್ಡಿನೊಳಗೆ ಓಡಾಡಲು ಮಾತ್ರ ಟರ್ಬೈನ್ ಹಚ್ಚದೆ ಅದರೊಳಗಿನ ಸಣ್ಣ ಡೀಸೆಲನ್ನು ಬಳಸುತ್ತಿದ್ದರು. ಮರ್ಮ ತಿಳಿದವರ ಕೆಲಸ ಅದು. ಕಪ್ಪು ಎಣ್ಣೆಗೆ ಬೇರೆ ಗಿರಾಕಿಗಳು ಹುಟ್ಟಿ ಬೆಲೆ ಏರಿದ ಮೇಲೆ 1969ರ ಕೊನೆಗೆ ನಿಂತುಹೋಯಿತು. ಫ್ರಾನ್ಸಿನ ಅತಿವೇಗದ ರೈಲು ಟಿಜಿವಿಯ ಮೊದಲ ಮಾದರಿಯೂ ಟರ್ಬೈನಿನದೇ, 1972ರಲ್ಲಿ ಗಂಟೆಗೆ 318 ಕಿ.ಮೀ. ಮುಟ್ಟಿತ್ತು. ಮರುವರ್ಷದ ತೈಲ ಬಿಕ್ಕಟ್ಟು ಅದನ್ನು ವಿದ್ಯುತ್ ತಂತಿಗೆ ಕಟ್ಟಿಹಾಕಿತು.

ರೇಸಿನಲ್ಲಿ 1967ರ ಇಂಡಿಯಾನಾಪೊಲಿಸ್ 500 ಮರೆಯುವಂಥದ್ದಲ್ಲ. ಪಾರ್ನೆಲಿ ಜೋನ್ಸ್ ಓಡಿಸಿದ ಟರ್ಬೈನ್ ಕಾರು ಮೂರೇ ಸುತ್ತು ಉಳಿದಿರುವಾಗ ಮುಂದಿದ್ದಂತೆಯೇ ನಿಂತಿತು. ಕೈಕೊಟ್ಟದ್ದು ಟರ್ಬೈನಲ್ಲ, ಗಿಯರ್ ಪೆಟ್ಟಿಗೆಯ ಅಗ್ಗದ ಬೇರಿಂಗು. ಮರುವರ್ಷಕ್ಕೆ ಸಂಘಟಕರು ಗಾಳಿ ಒಳಬರುವ ಬಾಯಿಯನ್ನು ಸುಮಾರು 24 ಚದರ ಇಂಚಿನಿಂದ 16ಕ್ಕೆ ಇಳಿಸಿದರು. ಟರ್ಬೈನನ್ನು ಕತ್ತು ಹಿಸುಕಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ಕ್ರೈಸ್ಲರ್ ಕಾರಿಗೆ ಕೊನೆಯ ಪೆಟ್ಟು ಬಿದ್ದದ್ದು ಹೊಗೆಯಿಂದ. ಟರ್ಬೈನಿನಲ್ಲಿ ಗಾಳಿ ಧಾರಾಳ, ಉರಿ ಪೂರ್ತಿ. ಹಾಗಾಗಿ ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಇಂಧನ ಎರಡೂ ಕಡಿಮೆ. ಆದರೆ ಅದೇ ಧಾರಾಳ ಗಾಳಿ, ಅದೇ ಬಿಸಿಯಲ್ಲಿ ನೈಟ್ರೋಜನ್ ಆಕ್ಸೈಡುಗಳು ಹುಟ್ಟುತ್ತವೆ. ಮೈಲೇಜಿಗಾಗಿ ಗಾಳಿಯನ್ನು ರಿಜನರೇಟರಿನಲ್ಲಿ ಮೊದಲೇ ಕಾಯಿಸಿದಷ್ಟೂ ಜ್ವಾಲೆಯ ಬಿಸಿ ಹೆಚ್ಚಿ ಅವು ಇನ್ನಷ್ಟು. ಒಂದನ್ನು ಸರಿಪಡಿಸಲು ಹೋದರೆ ಇನ್ನೊಂದು ಕೆಡುತ್ತದೆ. ವಾಹನಗಳ ಹೊಗೆಗೆ ಮಿತಿ ಹಾಕುವ ಅಮೆರಿಕದ 1970ರ ಕಾನೂನು ಬಂದಾಗ ಈ ಗಂಟು ಬಿಡಿಸಲು ಆಗಿರಲಿಲ್ಲ. ಟರ್ಬೈನ್ ಚಕ್ರವನ್ನು ಎರಕ ಹೊಯ್ಯಲು ಬೇಕಾದ ದುಬಾರಿ ಲೋಹಗಳ ಜಾಗಕ್ಕೆ ಕಬ್ಬಿಣ ಆಧಾರಿತ ಮಿಶ್ರಲೋಹ ಹುಡುಕಿದ್ದರೂ, ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ಪಿಸ್ಟನ್ ಎಂಜಿನ್ನಿನ ಬೆಲೆಗೆ ಅದನ್ನು ಇಳಿಸುವುದು ಬೇರೆ ಮಾತು.

ಹಳೆಯ ಹೆಲಿಕಾಪ್ಟರ್ ಎಂಜಿನ್ ಕೊಂಡು ಬೈಕಿಗೋ ಕಾರಿಗೋ ಕೂರಿಸುವ ಹುಚ್ಚು ಇರುವವರಿಗೂ ಎರಡು ಮಾತು. ಹೊರದೇಶಗಳಲ್ಲಿ ಇದಕ್ಕೆ ಎಲ್ಲರೂ ಹಿಡಿಯುವುದು ಆಲಿಸನ್ 250 ಸರಣಿಯನ್ನು. ಎಂಟಿಟಿ ಎಂಬ ಅಮೆರಿಕನ್ ಕಂಪನಿಯ ವೈ2ಕೆ ಬೈಕಿನಲ್ಲಿರುವುದೂ ಅದೇ, 320 ಅಶ್ವಶಕ್ತಿ. ಎಂಜಿನ್ ತೂಕ 70 ಕೆ.ಜಿ.ಯ ಆಸುಪಾಸಷ್ಟೇ, ಹೊರಶಾಫ್ಟು 6,000 ಸುತ್ತಿಗೆ ಇಳಿಸಿಯೇ ಬರುತ್ತದೆ. ರಿಜನರೇಟರ್ ಇಲ್ಲ. ಪೂರ್ತಿ ಶಕ್ತಿಯಲ್ಲಿ ಒಂದು ಅಶ್ವಶಕ್ತಿಗೆ ತಾಸಿಗೆ 300 ಗ್ರಾಂ ಎಣ್ಣೆ, ಒಳ್ಳೆಯ ಡೀಸೆಲಿನ ಸುಮಾರು ದುಪ್ಪಟ್ಟು. ನಿಧಾನವಾಗಿ ಹೋದರೆ ಇನ್ನೂ ಕಡೆ. ಚಾಲೂ ಮಾಡುವಾಗ ಕಂಪ್ರೆಸರ್ ವೇಗ ಶೇ. 12ರಿಂದ 15 ಮುಟ್ಟುವ ಮುನ್ನ ಇಂಧನ ತೆರೆಯಬಾರದು. ಬ್ಯಾಟರಿ ಸೊರಗಿದ್ದರೆ ವೇಗ ಏರುವುದಿಲ್ಲ, ಗಾಳಿ ಕಡಿಮೆ, ಬೆಂಕಿ ಮಾತ್ರ ಪೂರ್ತಿ. ಕೆಲವೇ ಸೆಕೆಂಡಿನಲ್ಲಿ ಟರ್ಬೈನ್ ಅಲಗುಗಳ ಆಯುಸ್ಸು ಮುಗಿಯುತ್ತದೆ. ಉಷ್ಣತೆಯ ಮುಳ್ಳು ಕೆಂಪಿನತ್ತ ಓಡುತ್ತಿದೆ ಎಂದು ಕಂಡ ಕ್ಷಣ ಇಂಧನ ಮುಚ್ಚಿ, ಆದರೆ ಸ್ಟಾರ್ಟರ್ ನಿಲ್ಲಿಸಬೇಡಿ; ತಣ್ಣಗಿನ ಗಾಳಿ ಹರಿದು ಒಳಗಿನ ಬಿಸಿ ಹೊರಹೋಗಲಿ. ಆಫ್ ಮಾಡುವಾಗಲೂ ಎರಡು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ತಣಿಸಬೇಕು, ಇಲ್ಲದಿದ್ದರೆ ಬೇರಿಂಗಿನ ಬಳಿ ನಿಂತ ಆಯಿಲ್ ಬೆಂದು ಇದ್ದಿಲಾಗಿ ಕೊಳವೆ ಕಟ್ಟುತ್ತದೆ. ನಮ್ಮ ದೇಶದಲ್ಲಿ ಇಂಥದ್ದನ್ನು ರಸ್ತೆಗೆ ನೋಂದಾಯಿಸುವ ಕನಸು ಬೇಡ.

ಬ್ಯಾಟರಿ ಕಾರುಗಳ ಕಾಲದಲ್ಲಿ ಟರ್ಬೈನಿಗೆ ಇನ್ನೊಂದು ಬಾಗಿಲು ತೆರೆದಂತೆ ಕಂಡಿತ್ತು. ಗಾಲಿಗೆ ಸಂಬಂಧವಿಲ್ಲದೆ, ಒಂದೇ ವೇಗದಲ್ಲಿ, ಪೂರ್ತಿ ಹೊರೆಯಲ್ಲಿ ಓಡಿ ಬ್ಯಾಟರಿ ತುಂಬುವುದು. ಬ್ಯಾಟರಿ ತುಂಬಿದರೆ ಆಫ್. ಪಿಕಪ್ಪಿನ ತಡವೂ ಇಲ್ಲ, ಐಡ್ಲಿಂಗಿನ ದಂಡವೂ ಇಲ್ಲ. ಟಾಟಾ ಒಡೆತನದ ಜಾಗ್ವಾರ್ 2010ರಲ್ಲಿ ತೋರಿಸಿದ ಸಿ-ಎಕ್ಸ್75 ಕಾರಿನಲ್ಲಿ 70 ಕಿಲೋವಾಟಿನ ಎರಡು ಪುಟ್ಟ ಟರ್ಬೈನುಗಳಿದ್ದವು. ತಯಾರಿಕೆಯ ಮಾತು ಬಂದಾಗ ಅವನ್ನು ಬಿಟ್ಟು 1.6 ಲೀಟರಿನ ಪಿಸ್ಟನ್ ಎಂಜಿನ್ನಿಗೆ ಮರಳಿದರು, ಆಮೇಲೆ ಯೋಜನೆಯನ್ನೇ ಕೈಬಿಟ್ಟರು. ಬಸ್ಸುಗಳಲ್ಲಿ ಕ್ಯಾಪ್‌ಸ್ಟೋನ್ ಕಂಪನಿಯ 30 ಕಿಲೋವಾಟಿನ ಟರ್ಬೈನ್ ಕೆಲವೆಡೆ ದುಡಿಯಿತು. ಅದರ ಶಾಫ್ಟು ಗಾಳಿಯ ಪದರದ ಮೇಲೆಯೇ ತೇಲಿ 96,000 ಸುತ್ತು ತಿರುಗುತ್ತದೆ, ಆಯಿಲೇ ಬೇಡ. ಆದರೆ ದಕ್ಷತೆ ಶೇ. 26. ಒಳ್ಳೆಯ ಡೀಸೆಲ್ ಜನರೇಟರು ಶೇ. 35 ದಾಟುತ್ತದೆ. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಸ್ ಮಾಲೀಕ ಯಾವುದನ್ನು ಹೊರುತ್ತಾನೆಂದು ಹೇಳಬೇಕಿಲ್ಲ.

ಕ್ರೈಸ್ಲರ್ ತನ್ನ 55 ಕಾರುಗಳಲ್ಲಿ 46ನ್ನು ತಾನೇ ನಾಶಮಾಡಿತು. ಉಳಿದ ಒಂಬತ್ತು ಅಮೆರಿಕದಲ್ಲಿವೆ. ಡೆಟ್ರಾಯಿಟ್ ಬಳಿಯ ಹೆನ್ರಿ ಫೋರ್ಡ್ ಸಂಗ್ರಹಾಲಯ, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್, ಲಾಸ್ ಏಂಜಲೀಸ್‌ನ ಪೀಟರ್ಸನ್ ಸಂಗ್ರಹಾಲಯಗಳಲ್ಲಿ ಒಂದೊಂದು; ಟಿವಿ ನಿರೂಪಕ ಜೇ ಲೆನೊ ಬಳಿ ಒಂದು. ಮಗನನ್ನೋ ಮಗಳನ್ನೋ ನೋಡಲು ಅತ್ತ ಹೋಗುವವರು ಸೇಂಟ್ ಲೂಯಿಸ್‌ನ ಸಾರಿಗೆ ಸಂಗ್ರಹಾಲಯದ ಕಾರನ್ನು ಆರಿಸಿಕೊಳ್ಳಿ. ಅದು ಚಾಲೂ ಆಗುವ ಸ್ಥಿತಿಯಲ್ಲಿ ಕಾಪಾಡಿಕೊಂಡು ಬಂದಿರುವ ಕಾರು, ಯಾವಾಗ ಹಚ್ಚುತ್ತಾರೆಂದು ಮೊದಲೇ ವಿಚಾರಿಸಿ. ಐಡ್ಲಿಂಗಿನಲ್ಲಿರುವಾಗ ಹಿಂದೆ ಹೋಗಿ ಒಂದು ಮಾರು ದೂರದಲ್ಲಿ ಅಂಗೈ ಹಿಡಿದರೆ ಒಲೆಯ ಮುಂದೆ ಕೂತಷ್ಟು ಬಿಸಿ, ಜೊತೆಗೆ ಸೀಮೆಎಣ್ಣೆ ಸ್ಟೌವಿನ ಸಣ್ಣ ವಾಸನೆ.